ಎಷ್ಟು ಪುರಾವೆ ಸಾಕು, ತಪ್ಪಿದರೆ ತೆರುವವರು ಯಾರು?

ಕನ್ನಡದಲ್ಲಿ ‘ಪ್ರಮಾಣ’ ಎಂಬ ಒಂದೇ ಶಬ್ದಕ್ಕೆ ಆಣೆ, ಅಳತೆ ಮತ್ತು ಪುರಾವೆ ಎಂಬ ಮೂರು ಅರ್ಥಗಳಿವೆ. ಕಟಕಟೆಯಲ್ಲಿ ನಿಂತ ಸಾಕ್ಷಿ ಮಾಡುವುದು ಮೊದಲನೆಯದನ್ನು. ಸಂಖ್ಯಾಶಾಸ್ತ್ರಜ್ಞ ಒದಗಿಸುವುದು ಎರಡನೆಯದನ್ನು. ನ್ಯಾಯಾಧೀಶರಿಗೂ ಸಚಿವ ಸಂಪುಟಕ್ಕೂ ಬೇಕಾಗಿರುವುದು ಮೂರನೆಯದು. ಆಣೆ ಇಟ್ಟ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲ, ಅಳತೆ ಮಾಡಿದ ಮಾತ್ರಕ್ಕೆ ಪುರಾವೆ ಸಿದ್ಧವಾಗುವುದಿಲ್ಲ. ಈ ವ್ಯತ್ಯಾಸ ಮರೆತಾಗ ಆಗುವ ಅನ್ಯಾಯ ಹೆಚ್ಚಾಗಿ ಬೀಳುವುದು ಅದನ್ನು ಪ್ರಶ್ನಿಸಲು ಶಕ್ತಿಯಿಲ್ಲದವರ ಮೇಲೆ.

ಈ ಮಾತನ್ನು ಈಗ ಹೇಳಲು ಕಾರಣವಿದೆ. 1872ರ ಸಾಕ್ಷ್ಯ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಸಮೀಕ್ಷೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಹಾಗೂ ಬಿಪಿಎಲ್ ಪಡಿತರ ಚೀಟಿಗಳ ಪರಿಷ್ಕರಣೆ, ಈ ಮೂರೂ ವಿಷಯಗಳಲ್ಲಿ ವಾದ ನಿಂತಿರುವುದು ದತ್ತಾಂಶದ ಮೇಲೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ನಡೆಯದೇ, ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನವೆಂದು ಗೊತ್ತುಮಾಡಲಾಗಿದೆ. ಅಂಕಿಅಂಶದ ಹೆಸರಿನಲ್ಲಿ ಹೀಗೆ ದೊಡ್ಡ ನಿರ್ಧಾರಗಳು ಆಗುತ್ತಿರುವಾಗ ಅವುಗಳನ್ನು ಬಳಸುವ ಕ್ರಮ ಯಾವುದು, ದುರ್ಬಳಕೆ ಯಾವುದು ಎಂಬುದನ್ನು ಒರೆಗೆ ಹಚ್ಚುವುದು ಅಗತ್ಯ.

ನ್ಯಾಯಾಲಯಕ್ಕೂ ಸರ್ಕಾರಕ್ಕೂ ಇಲ್ಲಿ ಒಂದು ಮೂಲಭೂತ ಅಂತರವಿದೆ. ಒಬ್ಬ ಆರೋಪಿಯನ್ನು ಜೈಲಿಗೆ ಕಳುಹಿಸುವ ಮುನ್ನ ಯಾವ ಸಾಕ್ಷ್ಯವನ್ನು ಸ್ವೀಕರಿಸಬಹುದು, ಯಾವುದನ್ನು ಕೂಡದು ಎಂದು ಹೇಳಲು 170 ಸೆಕ್ಷನ್‌ಗಳ ಕಾನೂನಿದೆ. ಆದರೆ ಲಕ್ಷಾಂತರ ಕುಟುಂಬಗಳ ಅನ್ನ, ಉದ್ಯೋಗ, ಆರೋಗ್ಯಗಳನ್ನು ನಿರ್ಧರಿಸುವ ಸರ್ಕಾರಿ ಆದೇಶಕ್ಕೆ ಅಂಥ ಯಾವ ಶಿಸ್ತೂ ಇಲ್ಲ. ಕಡತದ ಟಿಪ್ಪಣಿಯಲ್ಲಿ ‘ಲಭ್ಯ ಅಂಕಿಅಂಶಗಳ ಪ್ರಕಾರ’ ಎಂಬ ಮೂರು ಪದ ಸೇರಿಸಿದರೆ ಮುಗಿಯಿತು. ಆ ಅಂಕಿಅಂಶ ಯಾವ ವರ್ಷದ್ದು, ಯಾವ ಪ್ರಶ್ನೆಗೆ ಉತ್ತರವಾಗಿ ಸಂಗ್ರಹಿಸಿದ್ದು ಎಂದು ಕೇಳುವವರು ವಿರಳ.

ಈ ಕೊರತೆಯನ್ನು ತುಂಬಲು ಒಂದು ಸರಳ ಸೂತ್ರ ಸಾಕೆಂಬುದು ಈ ಲೇಖಕನ ಅಭಿಪ್ರಾಯ. ಎಷ್ಟು ಪುರಾವೆ ಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು, ನಿರ್ಧಾರ ತಪ್ಪಾದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ‘ಸಂಶಯಾತೀತ’ ಪುರಾವೆ ಬೇಕೆನ್ನುವುದು ತಪ್ಪಾದರೆ ನಿರಪರಾಧಿ ಶಿಕ್ಷೆ ಅನುಭವಿಸುತ್ತಾನೆ ಎಂಬ ಕಾರಣಕ್ಕೆ. ಸಿವಿಲ್ ದಾವೆಯಲ್ಲಿ ಎರಡೂ ಪಕ್ಷಗಳ ನಷ್ಟ ಬಹುಮಟ್ಟಿಗೆ ಸಮಾನವಾದ್ದರಿಂದ ಯಾವ ಕಡೆ ಸಂಭಾವ್ಯತೆ ಹೆಚ್ಚೋ ಆ ಕಡೆ ತೀರ್ಪು. ಸಾರ್ವಜನಿಕ ನೀತಿಯಲ್ಲೂ ಇದೇ ವಿವೇಕ ಬೇಕು. ಕೆಲವು ಪ್ರಕರಣಗಳನ್ನು ಈ ದೃಷ್ಟಿಯಿಂದ ನೋಡಬಹುದು.

ಹೊಸ ಕಾಲದ ದಿವ್ಯ

ಸಾಕ್ಷ್ಯದ ಬಗ್ಗೆ ಚಿಂತನೆ ನಮಗೆ ಬ್ರಿಟಿಷರಿಂದ ಬಂದದ್ದೇನಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯ ಪ್ರಕಾರ ವ್ಯಾಜ್ಯದಲ್ಲಿ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ ಮತ್ತು ಸಾಕ್ಷಿ. ಅಂದರೆ ದಾಖಲೆ, ಸ್ವಾಧೀನಾನುಭವ ಮತ್ತು ಕಂಡವರ ಹೇಳಿಕೆ. ಇವು ಯಾವುವೂ ಇಲ್ಲದಿದ್ದಾಗ ಮಾತ್ರ ಬೆಂಕಿ, ನೀರು, ವಿಷ ಮೊದಲಾದ ‘ದಿವ್ಯ’ಗಳ ಪರೀಕ್ಷೆ. ಮನುಷ್ಯನ ವಿಚಾರಣಾ ಶಕ್ತಿ ಸೋತಲ್ಲಿ ದೇಹವನ್ನೇ ಪರೀಕ್ಷೆಗೆ ಒಡ್ಡುವುದು ಆ ಕಾಲದ ಕೊನೆಯ ಉಪಾಯವಾಗಿತ್ತು.

ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರು ಇಂಥದೇ ಇನ್ನೊಂದು ದಿವ್ಯದ ರಾಜಧಾನಿಯಾಗಿತ್ತು. ಸೋಡಿಯಂ ಪೆಂಟೊಥಾಲ್ ಚುಚ್ಚಿ ಅರೆಪ್ರಜ್ಞೆಯಲ್ಲಿರುವ ವ್ಯಕ್ತಿಯಿಂದ ಮಾತು ಹೊರಡಿಸುವ ಮಂಪರು ಪರೀಕ್ಷೆಗಾಗಿ ದೇಶದ ನಾನಾ ಭಾಗಗಳ ಪೊಲೀಸರು ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು 2006ರಲ್ಲಿ ಟಿ.ವಿ. ವಾಹಿನಿಯಲ್ಲಿ ಪ್ರಸಾರವಾದದ್ದು ಓದುಗರಿಗೆ ನೆನಪಿರಬಹುದು. ಔಷಧದ ಅಮಲಿನಲ್ಲಿ ಆತ ಉಚ್ಚರಿಸಿದ ಹೆಸರುಗಳನ್ನು ನ್ಯಾಯಾಲಯ ಪರಿಶೀಲಿಸುವ ಮುನ್ನವೇ ಮನೆಮನೆಯಲ್ಲೂ ವಿಚಾರಣೆ ನಡೆದು ತೀರ್ಪೂ ಆಗಿಹೋಗಿತ್ತು.

ಮಿದುಳಿನ ವಿದ್ಯುತ್ ತರಂಗಗಳನ್ನು ಅಳೆದು ಅಪರಾಧದ ‘ಅನುಭವ ಸ್ಮೃತಿ’ ಇದೆಯೇ ಎಂದು ಹೇಳುವ ಪರೀಕ್ಷೆಯ ಕಥೆ ಇನ್ನೂ ಗಂಭೀರ. 2008ರಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಶಿಕ್ಷೆ ವಿಧಿಸುವಾಗ ಅಂಥ ಪರೀಕ್ಷೆಯ ಫಲಿತಾಂಶವನ್ನೂ ನೆಚ್ಚಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿ, ಈ ಪರೀಕ್ಷೆಗೆ ಸಾಕಷ್ಟು ವೈಜ್ಞಾನಿಕ ತಳಹದಿ ಇಲ್ಲವೆಂದೂ ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಾರದೆಂದೂ ಅಭಿಪ್ರಾಯಪಟ್ಟಿತು.

ಕೊನೆಗೆ ‘ಸೆಲ್ವಿ ಮತ್ತು ಕರ್ನಾಟಕ ಸರ್ಕಾರ’ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಗೆರೆ ಎಳೆಯಿತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ತ್ರಿಸದಸ್ಯ ಪೀಠವು, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಹಾಗೂ ಮಿದುಳು ಪರೀಕ್ಷೆಗಳನ್ನು ಬಲವಂತವಾಗಿ ನಡೆಸುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದಿತು. ವ್ಯಕ್ತಿ ಸ್ವಇಚ್ಛೆಯಿಂದ ಒಪ್ಪಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಅದರ ನೆರವಿನಿಂದ ಆ ಬಳಿಕ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಕಾನೂನಿನಂತೆ ಪರಿಗಣಿಸಬಹುದು ಎಂದು ವಿವರಿಸಿತು. 2025ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಇದೇ ನಿಲುವನ್ನು ಪುನರುಚ್ಚರಿಸಿತು.

ಈ ತೀರ್ಪಿನ ಸಾರವನ್ನು ವಿಜ್ಞಾನ ವಿರೋಧ ಎಂದು ತಿಳಿಯಬಾರದು. ತನಿಖಾಧಿಕಾರಿಗೆ ಬೇಕಾದದ್ದು ಸುಳಿವು, ನ್ಯಾಯಾಧೀಶರಿಗೆ ಬೇಕಾದದ್ದು ಪುರಾವೆ. ಹತ್ತು ಸುಳಿವುಗಳಲ್ಲಿ ಒಂಬತ್ತು ಸುಳ್ಳಾದರೂ ತನಿಖೆಗೆ ಒಂದಿಷ್ಟು ಸಮಯವಷ್ಟೇ ನಷ್ಟ. ಪುರಾವೆ ಸುಳ್ಳಾದರೆ ಒಬ್ಬ ಮನುಷ್ಯನ ಬದುಕೇ ನಷ್ಟ. ಆದ್ದರಿಂದ ಸುಳಿವನ್ನು ಪುರಾವೆಯ ಪೀಠದಲ್ಲಿ ಕೂರಿಸುವುದು ಸಾಕ್ಷ್ಯದ ದುರ್ಬಳಕೆಯ ಮೊದಲ ಮಾದರಿ.

ಕಾಯುತ್ತಾ ಕೂರಬಾರದ ಪುರಾವೆ

ಇದಕ್ಕೆ ನೇರ ವಿರುದ್ಧ ದಿಕ್ಕಿನ ದುರ್ಬಳಕೆಯೂ ಇದೆ. ಕ್ರಿಮಿನಲ್ ನ್ಯಾಯಾಲಯದ ಕಟ್ಟುನಿಟ್ಟನ್ನು ಅದು ಸಲ್ಲದ ಕಡೆ ಕೇಳುವುದು ಆ ಬಗೆಯದು. ‘ಸಂಪೂರ್ಣ ಸಾಬೀತಾಗುವವರೆಗೂ ಏನೂ ಮಾಡುವಂತಿಲ್ಲ’ ಎಂಬ ಮಾತು ಕೇಳಲು ವೈಜ್ಞಾನಿಕ. ಫಲದಲ್ಲಿ ಅದು ಬಹಳ ಸಲ ನಿಷ್ಕ್ರಿಯತೆಯ ಸಮರ್ಥನೆ.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಎಂಡೋಸಲ್ಫಾನ್ ದುರಂತ ಇದಕ್ಕೆ ನಿದರ್ಶನ. ಕಾಸರಗೋಡಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ನೇ ಇಸವಿಯವರೆಗೂ ಹೆಲಿಕಾಪ್ಟರ್‌ನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನರೂ ಗೇರು ತೋಟಗಳ ಸಿಂಪಡಣೆಯ ಫಲವನ್ನು ಉಂಡವರೇ. ಅಂಗವೈಕಲ್ಯ, ಬುದ್ಧಿಮಾಂದ್ಯ, ಚರ್ಮರೋಗಗಳ ದೂರುಗಳು ಬಂದಾಗಲೆಲ್ಲ ಕೇಳಿಬಂದ ಉತ್ತರ ಒಂದೇ: ಇದಕ್ಕೂ ಕೀಟನಾಶಕಕ್ಕೂ ಇರುವ ಕಾರ್ಯಕಾರಣ ಸಂಬಂಧ ನಿರ್ಣಾಯಕವಾಗಿ ಸಾಬೀತಾಗಿಲ್ಲ.

ಹಾಗೆ ನೋಡಿದರೆ ಪುರಾವೆ ಇರಲೇ ಇಲ್ಲವೆಂದಲ್ಲ. ಗಡಿನಾಡಿನ ಪಡ್ರೆ ಗ್ರಾಮದ ಮಕ್ಕಳನ್ನು ಸಿಂಪಡಣೆ ನಡೆಯದ ಊರಿನ ಮಕ್ಕಳೊಂದಿಗೆ ಹೋಲಿಸಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ನಡೆಸಿತ್ತು. ಬಾಲಕರ ಲೈಂಗಿಕ ಬೆಳವಣಿಗೆ ವಿಳಂಬವಾಗಿದೆ ಎಂಬ ಅದರ ಶೋಧ 2003ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಆ ಪ್ರದೇಶದ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನ್ ಒಂದೇ ಕಾರಣ ಎನ್ನಲು ಆ ಅಧ್ಯಯನ ಸಾಲದು ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಸರ್ಕಾರದ ಮುಂದಿದ್ದ ಪ್ರಶ್ನೆ ಅದಲ್ಲವೇ ಅಲ್ಲ. ಜನವಸತಿ, ಬಾವಿ, ತೋಡುಗಳಿರುವ ಗುಡ್ಡಗಾಡಿನ ಮೇಲೆ ಆಕಾಶದಿಂದ ವಿಷ ಸುರಿಸುವುದನ್ನು ಮುಂದುವರಿಸಬೇಕೇ ಎಂಬುದಷ್ಟೇ ಪ್ರಶ್ನೆ. ಅನುಮಾನ ಸುಳ್ಳಾದರೆ ಕಂಪನಿಯ ಮಾರಾಟಕ್ಕೂ ಗೇರು ಇಳುವರಿಗೂ ಒಂದಿಷ್ಟು ನಷ್ಟ. ಅನುಮಾನ ನಿಜವಾದರೆ ಹುಟ್ಟಲಿರುವ ಮಕ್ಕಳಿಗೆ ತುಂಬಿಕೊಡಲಾಗದ ನಷ್ಟ. ಇಂಥ ಕಡೆ ಬಲವಾದ ಅನುಮಾನವೇ ಸಾಕಷ್ಟು ಪುರಾವೆ.

ಈ ತರ್ಕವನ್ನು ಸುಪ್ರೀಂ ಕೋರ್ಟ್ 1996ರ ವೆಲ್ಲೂರು ನಾಗರಿಕರ ವೇದಿಕೆ ಪ್ರಕರಣದಲ್ಲೇ ‘ಮುನ್ನೆಚ್ಚರಿಕೆ ತತ್ವ’ ಎಂದು ಅಂಗೀಕರಿಸಿತ್ತು. ಅಪಾಯವಿಲ್ಲವೆಂದು ತೋರಿಸುವ ಹೊಣೆ ಉದ್ದಿಮೆಯದೇ ಹೊರತು, ಅಪಾಯವಿದೆಯೆಂದು ಸಾಬೀತುಪಡಿಸುವ ಹೊಣೆ ಹಳ್ಳಿಯವನದಲ್ಲ ಎಂಬುದು ಅದರ ತಿರುಳು. ಆದರೂ ಎಂಡೋಸಲ್ಫಾನ್ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ನ್ಯಾಯಾಲಯದ ನಿಷೇಧ ಬಂದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ ₹5 ಲಕ್ಷ ನೀಡುವಂತೆ ಕೇರಳ ಸರ್ಕಾರಕ್ಕೆ ಸ್ಪಷ್ಟ ಆದೇಶ ಬಂದದ್ದು 2017ರ ಜನವರಿಯಲ್ಲಿ. ‘ಇನ್ನಷ್ಟು ಪುರಾವೆ ಬರಲಿ’ ಎಂಬ ಮಾತಿನ ವೆಚ್ಚವನ್ನು ಅದನ್ನು ಆಡಿದವರು ಭರಿಸಲಿಲ್ಲ.

ಅಳತೆಗೋಲೇ ಬಾಗಿಲಾದಾಗ

ಮೂರನೇ ಬಗೆಯ ದುರ್ಬಳಕೆಯಲ್ಲಿ ಅಂಕಿಅಂಶ ಸುಳ್ಳಾಗಿರುವುದಿಲ್ಲ. ಒಂದು ಪ್ರಶ್ನೆಗೆಂದು ಸಂಗ್ರಹಿಸಿದ್ದನ್ನು ಇನ್ನೊಂದಕ್ಕೆ ಉತ್ತರವಾಗಿ ಒಡ್ಡಲಾಗಿರುತ್ತದೆ ಅಷ್ಟೆ.

ಬಡತನ ರೇಖೆಯ ಇತಿಹಾಸ ಇದನ್ನೇ ಸಾರುತ್ತದೆ. ಅರ್ಥಶಾಸ್ತ್ರಜ್ಞರು ಈ ರೇಖೆಯನ್ನು ಎಳೆದದ್ದು ಕಾಲಕಾಲಕ್ಕೆ ಬಡವರ ಪ್ರಮಾಣ ಏರಿದೆಯೇ ಇಳಿದಿದೆಯೇ ಎಂದು ತಿಳಿಯಲು. ಪಿ.ಸಿ. ಮಹಾಲನೋಬಿಸ್ ಅವರ ದೂರದೃಷ್ಟಿಯಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಅಂಶಗಳು ಅದಕ್ಕೆ ಆಧಾರ. ಮಾದರಿ ಸಮೀಕ್ಷೆ ಇಡೀ ರಾಜ್ಯದ ಚಿತ್ರವನ್ನು ಸಾಕಷ್ಟು ನಿಖರವಾಗಿ ಕೊಡಬಲ್ಲದು. ಇಂಥ ಬೀದಿಯ ಇಂಥ ಮನೆಯವರು ಬಡವರೇ ಎಂದು ಅದು ಹೇಳಲಾರದು.

ಆದರೆ ಆಡಳಿತ ಆ ಅಳತೆಗೋಲನ್ನೇ ಪಡಿತರ ಅಂಗಡಿಯ ಬಾಗಿಲಿಗೆ ಅಡ್ಡಪಟ್ಟಿಯಾಗಿ ಬಳಸಿತು. 2011ರ ಸೆಪ್ಟೆಂಬರಿನಲ್ಲಿ ಆಗಿನ ಯೋಜನಾ ಆಯೋಗ ಆಹಾರ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ನಗರದಲ್ಲಿ ದಿನಕ್ಕೆ ₹32, ಹಳ್ಳಿಯಲ್ಲಿ ₹26 ತಲಾ ವೆಚ್ಚ ಸಾಕಾಗುತ್ತದೆ ಎಂಬರ್ಥದ ಮಾತು ಹೇಳಿದಾಗ ದೇಶವೇ ಬೆಚ್ಚಿತು. ತೆಂಡೂಲ್ಕರ್ ಸಮಿತಿ 2009ರಲ್ಲಿ ಸೂಚಿಸಿದ್ದ ವಿಧಾನ ಹೋಲಿಕೆಗೆ ಸಮರ್ಥವಾದದ್ದೇ. ಒಂದು ವರ್ಷವನ್ನು ಇನ್ನೊಂದರೊಂದಿಗೆ ಹೋಲಿಸಲು ಮಾಡಿದ ರೇಖೆಯನ್ನು ‘ಇಷ್ಟಿದ್ದರೆ ಮನುಷ್ಯ ಬದುಕಬಲ್ಲ’ ಎಂಬ ಪ್ರಮಾಣವಚನವಾಗಿ ಪರಿವರ್ತಿಸಿದ್ದು ಅಕ್ರಮ. ಅಳತೆ ಆಣೆಯಾಗಿಹೋಯಿತು.

ಅದರಿಂದ ಪಾಠ ಕಲಿತಿದ್ದೇವೆ ಎನ್ನುವಂತಿಲ್ಲ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಅನರ್ಹ ಬಿಪಿಎಲ್ ಚೀಟಿಗಳ ರದ್ದತಿ ಆರಂಭವಾಗಿ, ವ್ಯಾಪಕ ಆಕ್ಷೇಪ ಎದ್ದ ಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಹೊರತುಪಡಿಸಿ ಉಳಿದವರಿಗೆ ಚೀಟಿ ಮರಳಿಸುವಂತೆ ಸೂಚಿಸಬೇಕಾಯಿತು. ಅನರ್ಹರು ಬಡವರ ಅಕ್ಕಿ ಪಡೆಯಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಪುರಾವೆಯ ಬಗ್ಗೆ. ಆದಾಯ ತೆರಿಗೆ ವಿವರ ಸಲ್ಲಿಸುವುದೂ ತೆರಿಗೆ ಪಾವತಿಸುವುದೂ ಒಂದೇ ಅಲ್ಲ. ಬ್ಯಾಂಕಿನಿಂದ ಆಟೊ ಸಾಲವನ್ನೋ ಗೃಹಸಾಲವನ್ನೋ ಪಡೆಯಲು ವಿವರ ಸಲ್ಲಿಸಿ, ತೆರಿಗೆಯೇನೂ ಕಟ್ಟಬೇಕಿಲ್ಲದ ಕುಟುಂಬಗಳು ಇರಲು ಸಾಧ್ಯ. ಕಂಪ್ಯೂಟರಿನಲ್ಲಿ ಎರಡು ಪಟ್ಟಿಗಳನ್ನು ತಾಳೆ ನೋಡಿದಾಗ ಸಿಗುವುದು ಸುಳಿವು; ಮನೆಗೆ ಹೋಗಿ ವಿಚಾರಿಸಿದ ಮೇಲೆ ಸಿಗುವುದು ಪುರಾವೆ. ಮಂಪರು ಪರೀಕ್ಷೆಯ ಸಂದರ್ಭದಲ್ಲಿ ನ್ಯಾಯಾಲಯ ಎಳೆದ ಗೆರೆ ಇಲ್ಲಿಗೂ ಅನ್ವಯಿಸಬೇಡವೇ? ಅನರ್ಹನೊಬ್ಬ ಇನ್ನೆರಡು ತಿಂಗಳು ಅಕ್ಕಿ ಪಡೆದರೆ ಬೊಕ್ಕಸಕ್ಕೆ ಕೆಲವು ನೂರು ರೂಪಾಯಿ ನಷ್ಟ. ಅರ್ಹಳೊಬ್ಬಳ ಚೀಟಿ ಎರಡು ತಿಂಗಳು ರದ್ದಾದರೆ ಆ ಮನೆಯ ಒಲೆಯ ಮೇಲೆ ಅದರ ಪರಿಣಾಮ.

ಸರಾಸರಿಯ ಮರೆಯಲ್ಲಿ

ಮೀಸಲಾತಿಯ ವಿಷಯದಲ್ಲಿ ಅಂಕಿಅಂಶಗಳನ್ನು ನ್ಯಾಯಾಲಯದ ಒರೆಗಲ್ಲಿಗೆ ಹಚ್ಚಿದ ಇತಿಹಾಸ ಈ ರಾಜ್ಯಕ್ಕೆ ಆರು ದಶಕಗಳಷ್ಟು ಹಳೆಯದು. 1962ರಲ್ಲಿ ಆಗಿನ ಮೈಸೂರು ಸರ್ಕಾರ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟು ಆದೇಶ ಹೊರಡಿಸಿತು. ನಾಗನಗೌಡ ಸಮಿತಿ ಹಿಂದುಳಿದಿರುವಿಕೆಗೆ ಇಟ್ಟುಕೊಂಡ ಅಳತೆ, ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಾವಿರ ಜನರಿಗೆ ಎಷ್ಟು ವಿದ್ಯಾರ್ಥಿಗಳು ಎಂಬುದು. ರಾಜ್ಯದ ಸರಾಸರಿ 6.9. ಅಂತಿಮ ಆದೇಶದಲ್ಲಿ 7.1 ಇದ್ದ ಸಮುದಾಯವೂ ಹಿಂದುಳಿದ ಪಟ್ಟಿಯಲ್ಲಿ ಸ್ಥಾನ ಪಡೆದಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ತಾನೇ ಆರಿಸಿಕೊಂಡ ಅಳತೆಗೋಲಿನ ಉತ್ತರ ರುಚಿಸದಿದ್ದಾಗ ಅದನ್ನು ಬದಿಗೆ ಸರಿಸುವ ಚಾಳಿ ಆಗಲೇ ಇತ್ತು.

ಬಿ.ಕೆ. ಪವಿತ್ರಾ ಪ್ರಕರಣ ಇದರ ಈಚಿನ ಅಧ್ಯಾಯ. ಬಡ್ತಿ ಮೀಸಲಾತಿ ಪಡೆದ ನೌಕರರಿಗೆ ತತ್ಪರಿಣಾಮ ಜ್ಯೇಷ್ಠತೆ ನೀಡುವ ಕಾಯ್ದೆಯನ್ನು ರಾಜ್ಯ 2002ರಲ್ಲಿ ಮಾಡಿತು. ಹಿಂದುಳಿದಿರುವಿಕೆ, ಪ್ರಾತಿನಿಧ್ಯದ ಕೊರತೆ ಮತ್ತು ಆಡಳಿತ ದಕ್ಷತೆಯ ಬಗ್ಗೆ ಪರಿಮಾಣಾತ್ಮಕ ದತ್ತಾಂಶ ಇರಲೇಬೇಕು ಎಂದು 2006ರ ಎಂ. ನಾಗರಾಜ್ ತೀರ್ಪು ವಿಧಿಸಿತು. ಅಂಥ ದತ್ತಾಂಶ ಇಲ್ಲವೆಂಬ ಕಾರಣಕ್ಕೆ 2017ರ ಫೆಬ್ರುವರಿ 9ರಂದು ಕಾಯ್ದೆಯ ಮುಖ್ಯ ಸೆಕ್ಷನ್‌ಗಳು ಬಿದ್ದುಹೋದವು. ಮಾರ್ಚ್ 22ರಂದು ಅಪರ ಮುಖ್ಯ ಕಾರ್ಯದರ್ಶಿ ರತ್ನಪ್ರಭಾ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಗಿ, ಮೇ 5ರಂದು ವರದಿ ಬಂತು. ಅದರ ಆಧಾರದ ಮೇಲೆ ರೂಪಿಸಿದ ಹೊಸ ಕಾಯ್ದೆಯನ್ನು 2019ರ ಮೇ 10ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇಲ್ಲಿ ಎರಡು ಅಂಶ ಗಮನಾರ್ಹ. ಮೊದಲನೆಯದು, ಆರು ವಾರಗಳಲ್ಲಿ ಸಂಗ್ರಹಿಸಬಹುದಾಗಿದ್ದ ದತ್ತಾಂಶವನ್ನು ಹದಿನೈದು ವರ್ಷ ಸಂಗ್ರಹಿಸಿರಲಿಲ್ಲ. ಈ ಉದಾಸೀನದ ಬೆಲೆಯನ್ನು ಹಿಂಬಡ್ತಿಯ ಭೀತಿಯಲ್ಲಿ ದಿನ ದೂಡಿದ ಪರಿಶಿಷ್ಟ ನೌಕರರೂ, ಜ್ಯೇಷ್ಠತಾ ಪಟ್ಟಿ ಸ್ಥಿರವಾಗದೇ ನಿವೃತ್ತರಾದ ಇತರರೂ ತೆತ್ತರು. ಎರಡನೆಯದು ಅಳತೆಯ ಘಟಕದ ಪ್ರಶ್ನೆ. 62 ಇಲಾಖೆಗಳ ಪೈಕಿ 31ರಿಂದ ಮಾತ್ರ ಮಾಹಿತಿ ಪಡೆಯಲಾಗಿದೆ, ವೃಂದವಾರು ಅಲ್ಲದೆ ಎ, ಬಿ, ಸಿ, ಡಿ ಗುಂಪುವಾರು ಲೆಕ್ಕ ಹಾಕಲಾಗಿದೆ ಎಂಬ ಆಕ್ಷೇಪಗಳನ್ನು ನ್ಯಾಯಾಲಯ 2019ರಲ್ಲಿ ಮಾನ್ಯ ಮಾಡಲಿಲ್ಲ. ಆದರೆ 2022ರ ಜನವರಿ 28ರ ಜರ್ನೈಲ್ ಸಿಂಗ್ ತೀರ್ಪಿನಲ್ಲಿ, ಪ್ರಾತಿನಿಧ್ಯವನ್ನು ಅಳೆಯಬೇಕಾದದ್ದು ವೃಂದದಲ್ಲೇ. ಗುಂಪುವಾರು ಲೆಕ್ಕವನ್ನು ಒಪ್ಪಿದ್ದು ನಾಗರಾಜ್ ತೀರ್ಪಿಗೆ ವಿರುದ್ಧ ಎಂದು ಇನ್ನೊಂದು ಪೀಠ ಸ್ಪಷ್ಟಪಡಿಸಿತು.

ಇದು ಬರೀ ತಾಂತ್ರಿಕ ತಕರಾರಲ್ಲ. ‘ಎ’ ಗುಂಪಿನಲ್ಲಿ ಕೆಳಗಿನ ವೃಂದವೂ ಇದೆ, ಇಲಾಖೆಯ ಮುಖ್ಯಸ್ಥರ ವೃಂದವೂ ಇದೆ. ಕೆಳವೃಂದದಲ್ಲಿ ನೂರಕ್ಕೆ ಇಪ್ಪತ್ತು ಮಂದಿ ಪರಿಶಿಷ್ಟರಿದ್ದು, ಮೇಲಿನ ವೃಂದದಲ್ಲಿ ಒಬ್ಬರೂ ಇಲ್ಲದಿದ್ದರೂ ಗುಂಪಿನ ಸರಾಸರಿ ತೃಪ್ತಿಕರವಾಗಿ ಕಾಣಬಹುದು. ಸರಾಸರಿ ಎಂಬುದು ಮೊಣಕಾಲು ಆಳದ ಹೊಳೆಯಲ್ಲೂ ಮಡುವನ್ನು ಮುಚ್ಚಿಡಬಲ್ಲದು. ಎಲ್ಲಿ ಕೊರತೆ ಇದೆಯೋ ಅಲ್ಲಿಯೇ ಅಳೆಯುವುದು ಮೀಸಲಾತಿ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ನ್ಯಾಯ.

ಒಳಮೀಸಲಾತಿಯ ವಿಷಯ ಇದೇ ಸರಣಿಯ ಹೊಸ ಕೊಂಡಿ. ಉಪವರ್ಗೀಕರಣಕ್ಕೆ ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಅವಕಾಶ ನೀಡಿದಾಗ ದತ್ತಾಂಶದ ಆಧಾರ ಇರಲೇಬೇಕೆಂದು ಹೇಳಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ ಸಮೀಕ್ಷೆ ನಡೆಸಿ, 2025ರ ಆಗಸ್ಟಿನಲ್ಲಿ ಐದು ಪ್ರವರ್ಗಗಳನ್ನು ಶಿಫಾರಸು ಮಾಡಿತು. ಅದರಲ್ಲಿ ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಇತ್ತು. ಅದೇ ತಿಂಗಳು ಸಚಿವ ಸಂಪುಟ ಅದನ್ನು 6–6–5ರಂತೆ ಮೂರು ಪ್ರವರ್ಗಗಳಿಗೆ ಇಳಿಸಿದಾಗ ಆ ಪ್ರತ್ಯೇಕ ಪಾಲು ಮಾಯವಾಯಿತು. ಶಿಫಾರಸನ್ನು ಮಾರ್ಪಡಿಸುವ ಅಧಿಕಾರ ಚುನಾಯಿತ ಸರ್ಕಾರಕ್ಕೆ ಖಂಡಿತ ಇದೆ. ಆದರೆ ದತ್ತಾಂಶದಿಂದ ದೂರ ಸರಿದಾಗ ಏಕೆ ಸರಿದೆವು ಎಂಬುದನ್ನು ದತ್ತಾಂಶದ ಭಾಷೆಯಲ್ಲೇ ಹೇಳುವ ಹೊಣೆಯೂ ಇದೆ. ಮತಗಳಿಕೆಯ ಲೆಕ್ಕದಲ್ಲಿ ಅತಿ ಹಗುರವಾದ ಸಮುದಾಯಗಳ ಮೇಲೇ ತಪ್ಪಿನ ಹೊರೆ ಬೀಳುವಾಗಲಂತೂ ಅದು ದುಪ್ಪಟ್ಟು.

ಬೀಗ ಹಾಕಿದ ಅಂಕಿಅಂಶ

ತಪ್ಪಾಗಿ ಬಳಸಿದ ಪುರಾವೆಗಿಂತಲೂ ಹೆಚ್ಚು ಅಪಾಯಕಾರಿ ಬಚ್ಚಿಟ್ಟ ಪುರಾವೆ. 2015ರಲ್ಲಿ ರಾಜ್ಯದ ಮನೆಮನೆಗೂ ಹೋಗಿ ನಡೆಸಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿ 29ರಂದು. 2025ರ ಜೂನ್‌ನಲ್ಲಿ, ಹತ್ತು ವರ್ಷ ಕಳೆದಿರುವುದರಿಂದ ಮರುಸಮೀಕ್ಷೆ ಅಗತ್ಯ ಎಂಬ ತೀರ್ಮಾನವಾಯಿತು. ಈ ಅವಧಿಯಲ್ಲಿ ರಾಜ್ಯವಾಳಿದ ಪಕ್ಷಗಳೆಲ್ಲವೂ ಇದರಲ್ಲಿ ಪಾಲುದಾರರು. ಮಾಗಿಸಿ ಮಾಗಿಸಿ ಕೊಳೆಸಿದ ಮೇಲೆ ಹಣ್ಣು ಹಳತಾಯಿತೆಂದರೆ ತಪ್ಪು ಹಣ್ಣಿನದೇ?

ಕೇಂದ್ರದ ದಾಖಲೆಯೂ ಹೆಮ್ಮೆಪಡುವಂಥದಲ್ಲ. ನಿರುದ್ಯೋಗ ಪ್ರಮಾಣ ಶೇ 6.1 ಎಂದು ತೋರಿಸಿದ 2017–18ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಟಣೆ ತಡವಾದಾಗ, 2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ನೀಡಿದರು. ಲೋಕಸಭಾ ಚುನಾವಣೆ ಮುಗಿದ ಮೇಲೆ ಮೇ 31ರಂದು ವರದಿ ಹೊರಬಂತು. ಅದೇ ವರ್ಷದ ನವೆಂಬರಿನಲ್ಲಿ, ಗುಣಮಟ್ಟ ಸರಿಯಿಲ್ಲವೆಂಬ ಕಾರಣ ನೀಡಿ 2017–18ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯನ್ನು ಬಿಡುಗಡೆ ಮಾಡುವುದಿಲ್ಲವೆಂದು ಸರ್ಕಾರ ಘೋಷಿಸಿತು. 2011–12ರ ನಂತರದ ಬಳಕೆ ವೆಚ್ಚದ ಚಿತ್ರ ದೇಶಕ್ಕೆ ಸಿಕ್ಕಿದ್ದು 2024ರಲ್ಲಿ. ಆ ವೇಳೆಗೆ ಸಮೀಕ್ಷೆಯ ವಿಧಾನವೂ ಬದಲಾಗಿದ್ದರಿಂದ ಹಿಂದಿನದರೊಂದಿಗೆ ನೇರ ಹೋಲಿಕೆ ಕಷ್ಟವಾಯಿತು. ನ್ಯಾಯಾಲಯದಲ್ಲಿ ಕಕ್ಷಿದಾರನೊಬ್ಬ ತನ್ನಲ್ಲಿರುವ ದಾಖಲೆಯನ್ನು ಹಾಜರುಪಡಿಸದಿದ್ದರೆ ಅದು ಅವನಿಗೆ ಪ್ರತಿಕೂಲವಾಗಿರಬೇಕೆಂದು ಭಾವಿಸಲು ಸಾಕ್ಷ್ಯ ಕಾನೂನು ಅವಕಾಶ ನೀಡುತ್ತದೆ. ಸರ್ಕಾರಕ್ಕೆ ಬೇರೆ ನ್ಯಾಯವೇಕೆ?

ಎಣಿಕೆಗೆ ನಿಲುಕದ್ದು

ಎಲ್ಲ ಪ್ರಶ್ನೆಗಳಿಗೂ ಅಂಕಿಅಂಶ ಉತ್ತರವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2013ರ ಸುರೇಶ್ ಕೌಶಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಅಡಿ ನೂರೈವತ್ತು ವರ್ಷಗಳಲ್ಲಿ ವಿಚಾರಣೆಗೆ ಒಳಗಾದವರು ಇನ್ನೂರಕ್ಕಿಂತ ಕಡಿಮೆ, ಸಲಿಂಗಿಗಳು ಜನಸಂಖ್ಯೆಯ ಅತ್ಯಲ್ಪ ಭಾಗ ಎಂಬ ಅಂಶಗಳಿಗೆ ಮಹತ್ವ ನೀಡಿ ಆ ಸೆಕ್ಷನ್ ಉಳಿಸಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಮೂಲಭೂತ ಹಕ್ಕನ್ನು ತಲೆ ಎಣಿಸಿ ಕೊಡುವಂತಿಲ್ಲ. ಎಷ್ಟು ಮಂದಿಗೆ ತೊಂದರೆಯಾಗಿದೆ ಎಂಬುದು ಅನುದಾನ ಹಂಚಿಕೆಯಲ್ಲಿ ಸೂಕ್ತ ಪ್ರಶ್ನೆ. ಒಬ್ಬ ಪ್ರಜೆಗೆ ಘನತೆಯಿಂದ ಬಾಳುವ ಹಕ್ಕಿದೆಯೇ ಎಂಬಲ್ಲಿ ಅದು ಅಪ್ರಸ್ತುತ.

ಆಗಬೇಕಾದದ್ದು ಏನು?

ಕೆಲವು ಶಿಸ್ತುಗಳನ್ನು ಸರ್ಕಾರಗಳು ತಾವಾಗಿಯೇ ವಿಧಿಸಿಕೊಳ್ಳಬಹುದು. ದತ್ತಾಂಶವನ್ನು ಉಲ್ಲೇಖಿಸುವ ಪ್ರತಿ ಆದೇಶದಲ್ಲೂ ಅದು ಯಾವ ಪ್ರಶ್ನೆಗಾಗಿ, ಯಾವ ವರ್ಷದಲ್ಲಿ, ಯಾವ ಘಟಕದಲ್ಲಿ ಸಂಗ್ರಹಿಸಿದ್ದು ಎಂಬ ವಿವರ ಇರಲಿ. ಸಮೀಕ್ಷೆ ಆರಂಭವಾಗುವ ದಿನವೇ ಪ್ರಕಟಣೆಯ ದಿನಾಂಕವೂ ಘೋಷಣೆಯಾಗಲಿ. ಆಯೋಗದ ಶಿಫಾರಸನ್ನು ಒಪ್ಪದಿದ್ದಲ್ಲಿ ಕಾರಣಗಳನ್ನು ಬರಹದಲ್ಲಿ ಶಾಸನಸಭೆಯ ಮುಂದಿಡಲಿ. ಪಡಿತರ, ಪಿಂಚಣಿಗಳಂಥ ಸೌಲಭ್ಯವನ್ನು ಹಿಂಪಡೆಯುವ ಮುನ್ನ ನೋಟಿಸ್ ನೀಡಿ ಸ್ಥಳಪರಿಶೀಲನೆ ನಡೆಯಲಿ. ಅನರ್ಹತೆಯನ್ನು ತೋರಿಸುವ ಹೊಣೆ ಇಲಾಖೆಯದಾಗಲಿ. ಜನರ ಆರೋಗ್ಯಕ್ಕೆ ಅಪಾಯದ ಶಂಕೆ ಇರುವಲ್ಲಿ ಅಪಾಯವಿಲ್ಲವೆಂದು ತೋರಿಸುವ ಹೊಣೆ ಲಾಭ ಪಡೆಯುವವರದಾಗಲಿ. 2001ರಲ್ಲಿ ಸಿ. ರಂಗರಾಜನ್ ನೇತೃತ್ವದ ಆಯೋಗ ಶಿಫಾರಸು ಮಾಡಿದಂತೆ ರಾಷ್ಟ್ರೀಯ ಅಂಕಿಅಂಶ ಆಯೋಗಕ್ಕೆ ಶಾಸನಾತ್ಮಕ ಸ್ಥಾನಮಾನ ದೊರೆತರೆ, ಅನುಕೂಲವಿಲ್ಲದ ಅಂಕಿಗಳು ಕಪಾಟು ಸೇರುವುದು ಕಷ್ಟವಾಗುತ್ತದೆ.

ಇವು ಯಾವುವೂ ಭಾರಿ ವೆಚ್ಚದ ಸುಧಾರಣೆಗಳಲ್ಲ. ಆದರೂ ನಡೆಯುವುದಿಲ್ಲ, ಏಕೆಂದರೆ ಅಂಕಿಅಂಶವನ್ನು ನಿರ್ಧಾರಕ್ಕೆ ಮುಂಚೆ ಕೇಳಿದರೆ ಅದು ನಮ್ಮನ್ನು ಬೇರೆಡೆಗೆ ಕರೆದೊಯ್ಯಬಹುದೆಂಬ ಭಯ. ನಿರ್ಧಾರವಾದ ಮೇಲೆ ಕೇಳಿದರೆ ಅದು ಹೇಳಿದಂತೆ ಕೇಳುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಸಮೀಕ್ಷೆ, ಗಣತಿ, ಪಟ್ಟಿ ಪರಿಷ್ಕರಣೆಗಳ ಈ ಕಾಲದಲ್ಲಿ ನಾಗರಿಕರು ಪ್ರತಿ ಅಂಕಿಯ ಎದುರಿಗೂ ಇಡಬೇಕಾದ ಪ್ರಶ್ನೆ ಒಂದಿದೆ: ಇದು ತಪ್ಪೆಂದಾದರೆ ತೊಂದರೆಗೆ ಸಿಲುಕುವವರು ಯಾರು, ಅವರ ಮಾತನ್ನು ಕೇಳಲಾಗಿದೆಯೇ? ಇದಕ್ಕೆ ಉತ್ತರವಿಲ್ಲದ ಅಂಕಿ ಎಷ್ಟೇ ನಿಖರವಾಗಿದ್ದರೂ ಅದನ್ನು ಪುರಾವೆ ಎನ್ನಲಾಗದು.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)